ತೊಲಿಮಟ ಎದ್ದ ಗ್ವಾಡಿ

ಟಿಕೋಟಾ
೧೪ ಮಾರ್ಚ್ ೧೯೪೪

ತಮ್ಮ ಸಿದ್ದರಾಯಗ,

ನಾವು ಅರಾಮ ಅದೀವಿ. ನೀನೂ ಹೊತ್ತಿಗೆ ಸರಿಯಾಗಿ ಉಂಡು ಅರಾಮ ಇದ್ದೀ ಅಂತ ತಿಳದೇನಿ.

ಮಾವನವರ ದಿನಕರ್ಮ ಮುಗದು ಇನ್ನೂ ಮನಿ ಸಾರಿಸಿಲ್ಲ, ಆಗಲೇ ಅಣ್ಣತಮ್ಮರು ಬ್ಯಾರಿ ಆಗೂ ಮಾತ ತಗದಾರ. ಹೊಲ ಆತು, ಎತ್ತ ಆತು, ಈಗ ಮನಿ. ಪಡುವಣ ಅರ್ಧಾ ನಮ್ಮ ಭಾವ ಶಿವಶರಣಪ್ಪನವರಿಗೆ, ಮೂಡಣ ಅರ್ಧಾ ನಮ್ಮವರಿಗೆ. ಅಂದ್ರ ಓಣಿ ಕಡೆ ಇರೋ ತಲಬಾಗಲಾ, ದೊಡ್ಡ ಕಿಡಕಿ ಎಲ್ಲಾ ಅವರ ಕಡಿ. ಅಡಗಿಮನಿ, ಹಿತ್ತಲಾ, ದನದ ಕೊಟ್ಟಿಗಿ ನಮ್ಮ ಕಡಿ. ಪಡಸಾಲಿ ನಟ್ಟನಡುವ ಗ್ವಾಡಿ ಏಳತೈತಂತ. "ಹಿರ್ಯಾ ನಾನು, ಗಾಳಿ ಇರೋ ಪಾಲ ನನಗ" ಅಂತ ಭಾವನವರು ಪಂಚರ ಮುಂದ ಅಂದ್ರು. ನಮ್ಮವರು ಅದಕ್ಕ ಒಪ್ಪಿ ಬಂದ್ರು.

ನನಗ ಪಾಲಿನ ಚಿಂತಿ ಇಲ್ಲೋ. ನೆಗ್ಯಾಣಿ ಶಂಕ್ರೆವ್ವಕ್ಕಾ, ನಾನು ಇಷ್ಟ ವರ್ಷ ಒಂದ ಒಲಿ ಮ್ಯಾಲ ರೊಟ್ಟಿ ಬಡದೀವಿ. ಬೋರವ್ವನ್ನ ಹಡದಾಕಿ ಅಕಿ, ಎತ್ತಿ ಆಡಿಸಿದಾಕಿ ನಾನು. ನನಗ ಮಕ್ಕಳಾಗಲಿಲ್ಲ ಅನ್ನೂದು ಆ ಹುಡುಗಿ ಮನ್ಯಾಗ ಇರೂತನಕ ನೆನಪ ಆಗತಿದ್ದಿಲ್ಲ. ಹ್ವಾದ ವರ್ಷ ಅಕಿನ್ನ ಕಾಖಂಡಕಿಗೆ ಕೊಟ್ಟೀವಿ. ಈಗ ಬಸರಿ ಅಂತ ಸುದ್ದಿ ಬಂದೈತಿ. ಚೊಚ್ಚಲ ಬಾಣಂತನಕ ತವರಿಗೆ ಬರ್ತಾಳ. ಬಂದ್ರ ನನ್ನ ಹಂತ್ಯಾಕ ಬರಾಕ ಬಿಡತಾರೋ ಇಲ್ಲೋ, ಅದ ನನ್ನ ಚಿಂತಿ.

ನೀ ಎಂಜಿನಿಯರ್ ಸಾಹೇಬರ ಕಚೇರ್ಯಾಗ ಮನಿ ನಕಾಶೆ ತಗಿಯಾಂವ. ಒಮ್ಮೆ ಬಂದು ಗ್ವಾಡಿ ಎಲ್ಲಿ, ಹ್ಯಾಂಗ ಕಟ್ಟಬೇಕು ನೋಡಿ ಹೇಳಂತ ಇವರೂ ಅಂದಾರ.

ನಿನ್ನ ಹಾದಿ ನೋಡೋ
ಅಕ್ಕ ಗೌರಾಬಾಯಿ

*

ವಿಜಾಪುರ, ಗೋಳಗುಮ್ಮಟದ ಹತ್ತಿರ
೨ ಎಪ್ರಿಲ್ ೧೯೪೪

ಅಕ್ಕಗ ಸಿದ್ದರಾಯನ ನಮಸ್ಕಾರ.

ನಿನ್ನೆ ಸಂಜಿ ಬಂದು ಮುಟ್ಟಿದೆ. ನೀ ಕಟ್ಟಿಕೊಟ್ಟ ಬುತ್ತಿ ಮನಿ ಮಾಲಕ ಅಬ್ದುಲಸಮದ ಸಾಹೇಬರೂ ನಾನೂ ಕೂಡಿ ಉಂಡ್ವಿ. ಅವರು ಶೇಂಗಾ ಹಿಂಡಿ ಮತ್ತ ಕೇಳ್ಯಾರ.

ಅಲ್ಲಿ ಎಲ್ಲಾರ ಮುಂದ ಪೂರಾ ಹೇಳಾಕ ಆಗಲಿಲ್ಲ. ಅದಕ್ಕ ಬರದೇನಿ, ಬಸಗೊಂಡಪ್ಪ ಮಾವಗೂ ಓದಿ ಹೇಳು.

ನಾ ಊದಿನಕಡ್ಡಿ ಹಚ್ಚಿ ಕಿಡಕಿ ಮುಂದ ಹಿಡದದ್ದು ನೋಡಿದಿ ಅಲ್ಲ? ಹೊಗಿ ಪಡಸಾಲಿ ಹಾಯ್ದು, ನಿನ್ನ ಒಲಿ ಬಾಜೂಕ ದಾಟಿ, ಹಿತ್ತಲ ಬಾಗಲದಾಗ ಹೊರಗ ಹೋತು. ಆಮ್ಯಾಲ ಹಿತ್ತಲ ಬಾಗಲಾ ಹಾಕಂತ ಹೇಳಿದೆ. ಹೊರಗ ಗಾಳಿ ಬೀಸಾಕತ್ತೇ ಇತ್ತು, ಕಿಡಕಿನೂ ತೆರದೇ ಇತ್ತು. ಆದ್ರ ಹೊಗಿ ಒಳಗ ಬರಲೇ ಇಲ್ಲ, ಕಿಡಕಿ ಮುಂದನ ಸುತ್ತಿ ಸುತ್ತಿ ನಿಂತಿತು. ಮನಿ ಅನ್ನೂದು ತುಂಬಿದ ಕೊಡ ಇದ್ದಂಗ. ಒಳಗಿಂದು ಹೊರಗ ಹೋಗೂತನಕ ಹೊಸಾದು ಒಳಗ ಬರಂಗಿಲ್ಲ. ನಡುವ ಗ್ವಾಡಿ ಎದ್ರ ಪಡುವಣ ಪಾಲಿನ ಗಾಳಿಗೆ ಹೋಗಾಕ ಹಾದಿ ಇಲ್ಲ, ಮೂಡಣ ಪಾಲಿಗೆ ಬರಾಕ ಹಾದಿ ಇಲ್ಲ. ಗಾಳಿ ತಮ್ಮ ಪಾಲಿಗೆ ಬಂತಂತ ಶಿವಶರಣಪ್ಪನವರು ತಿಳದಾರ. ಅದು ಯಾರ ಪಾಲಿಗೂ ಬರಂಗಿಲ್ಲ.

"ವಿಜಾಪುರದಾಗ ಹೊಗಿ ನೋಡಿ ಮನಿ ಕಟ್ಟತಾರೇನಪಾ?" ಅಂತ ಅವರು ನಕ್ಕರು. ನಗಲಿ. ಗ್ವಾಡೀನ ಬ್ಯಾಡ ಅಂದ್ರ ಅಣ್ಣತಮ್ಮರು ಇಬ್ಬರೂ ಕೇಳಂಗಿಲ್ಲ. ಕಟ್ಟೂದಾದ್ರ ತೊಲಿಮಟ ಒಯ್ಯಬ್ಯಾಡ್ರಿ. ಮ್ಯಾಲ ಮೊಳದಷ್ಟು, ಈ ತುದಿಯಿಂದ ಆ ತುದಿಮಟ, ಬಯಲ ಬಿಡ್ರಿ. ಗಾಳಿ ಗ್ವಾಡಿ ಏರಿ ಇಳದು ಹೋಗತೈತಿ.

ನಾ ಹೊಂಟಾಗ ಅವರು ತಲಬಾಗಲದಾಗ ನಿಂತು, "ನೀ ನಮ್ಮ ತಮ್ಮನ ಕಡಿ ಮನಶ್ಯಾ, ಗೊತ್ತೈತಿ ಬಿಡು" ಅಂದ್ರು. ಆಗ ನಗಲಿಲ್ಲ.

ತಮ್ಮ
ಸಿದ್ದರಾಯ

*

ಟಿಕೋಟಾ
೨೮ ಮೇ ೧೯೪೪

ಸಿದ್ದರಾಯಗ,

ಗ್ವಾಡಿ ಎದ್ದೈತಿ. ಗೌಂಡಿ ಖಂಡಪ್ಪ ಕಟ್ಟಿದ. ಮ್ಯಾಲ ನೀ ಹೇಳಿದಂಗ ಬಯಲ ಬಿಡಿಸ್ಯಾರ. ಇವರು ಹಟಾ ಹಿಡದ್ರು, ಭಾವನವರು "ಬಿಡ್ರಿ, ಮಣ್ಣಾದ್ರೂ ಉಳೀತೈತಿ" ಅಂದ್ರು.

ಗಾಳಿ ಬರತೈತಿ, ಮೊದಲಿನಷ್ಟಲ್ಲ. ಗಾಳಿ ಕೂಡ ಮಾತೂ ಬರತೈತಿ. ಶಂಕ್ರೆವ್ವಕ್ಕ ಆ ಕಡಿ ಒಗ್ಗರಣಿ ಹಾಕಿದ್ರ ಈ ಕಡಿ ನಾ ಸೀನತೇನಿ. ಅಕಿ ನಗತಾಳ, ಆಮ್ಯಾಲ ಭಾವನವರು ಗದರಿಸಿದಂಗಾಗಿ ಸುಮ್ಮನಾಗತಾಳ. ಗಂಡಸರು ಇಬ್ಬರೂ ಈಗ ಪಿಸುಮಾತ ಆಡಾಕ ಕಲತಾರ. ತಮ್ಮ ತಮ್ಮ ಮನ್ಯಾಗ ಕುಂತು ಕಳ್ಳರಂಗ ಮಾತಾಡತಾರ.

ಹ್ವಾದ ವಾರ ಒಂದು ಕೆಟ್ಟದ್ದಾತು. ಬಿಜ್ಜರಗಿ ಹಾದಿ ಮ್ಯಾಲಿನ ಹೊಲಾ ಭಾವನವರು ತಾವು ಕೊಳ್ಳಾಕಂತ ಗುಟ್ಟಾಗಿ ಮಾತಾಡಿ ಇಟ್ಟಿದ್ರಂತ. ಅದನ್ನ ಬಬಲೇಶ್ವರದ ಸಾವಕಾರ ಒಬ್ಬ ಕೊಂಡಬಿಟ್ಟ. ಭಾವನವರು ಓಣ್ಯಾಗ ನಿಂತು, "ಗ್ವಾಡಿ ಮ್ಯಾಲಿಂದ ಕಿವಿ ಕೊಟ್ಟು ಕೇಳಿ ಹೋಗಿ ಊದಿದವರು ಯಾರಂತ ನನಗ ಗೊತ್ತೈತಿ" ಅಂತ ಒದರಿದ್ರು. ಇವರು ಲಿಂಗಾ ಮುಟ್ಟಿ ಆಣಿ ಮಾಡಿದ್ರು. ಖರೇನ ಇವರಿಗೆ ಏನೂ ಗೊತ್ತಿದ್ದಿಲ್ಲ. ಆದ್ರ ಆಣಿ ಮಾಡಿದ ಮ್ಯಾಲ ಇವರಿಗೂ ಸಿಟ್ಟು ನೆತ್ತಿಗೇರೇತಿ.

ಯಾಕೋ ನನಗ ಸರಿ ಅನಸವಲ್ದು.

ಅಕ್ಕ

*

ಟಿಕೋಟಾ
೯ ಜುಲೈ ೧೯೪೪

ಸಿದ್ದರಾಯಗ,

ಬಯಲ ಮುಚ್ಚಿದ್ರು. ಕಾರಹುಣ್ಣಿವಿ ಮರುದಿನ ಭಾವನವರು ಖಂಡಪ್ಪನ್ನ ಕರಸಿ ಹಸಿ ಇಟ್ಟಂಗಿ ಇಡಿಸಿದ್ರು. ನಾ ಇವರಿಗೆ, "ಬ್ಯಾಡನ್ರೆಲಾ, ಸಿದ್ದರಾಯ ಹೇಳಿಲ್ಲೇನು" ಅಂದೆ. "ಮುಚ್ಚಲಿ, ಅವರ ಮಾತ ಕೇಳೂದು ತಪ್ಪತೈತಿ" ಅಂದ ಇವರೂ ಈ ಕಡಿಂದ ಮಣ್ಣ ಮೆತ್ತಾಕ ನಿಂತ್ರು. ಗ್ವಾಡಿ ಕಟ್ಟೂದ್ರಾಗ ಮಾತ್ರ ಇಬ್ಬರೂ ಕೂಡ್ಯಾರ ನೋಡು.

ಈಗ ಆಷಾಢದ ಗಾಳಿ. ಹೊರಗ ಬೇವಿನ ಗಿಡಾ ನೆಲಕ್ಕ ಬಗ್ಗತೈತಿ, ಒಣಾ ಹಾಕಿದ ಸೀರಿ ಹಿಡದ ನಿಲ್ಲಬೇಕು. ಒಳಗ ಬಂದ್ರ ಚಿಮಣಿ ದೀಪದ ಕುಡಿ ಗೀಟ ಹೊಡದಂಗ ನೆಟ್ಟಗ ನಿಂತಿರತೈತಿ. ಒಲಿ ಹೊಗಿ ಜಂತಿಗೆ ಹೋಗಿ ಅಲ್ಲೇ ಇಳೀತೈತಿ. ಜೋಳದ ಚೀಲ ಬೂಸರ ಹಿಡದಾವ.

ಬಾವಿ ಕಟ್ಟಿ ಮ್ಯಾಲ ಶಂಕ್ರೆವ್ವಕ್ಕ ಸಿಕ್ಕಿದ್ದಳು. ಅತ್ತಾಗ ಇತ್ತಾಗ ನೋಡಿ, "ಗೌರಾ, ನಮ್ಮ ಕಿಡಕಿ ಎಲ್ಲಾ ತೆರದಾವ ಬೇ. ಗಾಳಿ ಕಿಡಕಿಮಟ ಬಂದು ನಿಂತ ಬಿಡತೈತಿ. ಒಳಗ ಯಾರೋ ಅದಾರ, ಬರಬಾರದು ಅಂದಂಗ" ಅಂದಳು. ಇಷ್ಟ ಅಂದು ಕೊಡ ಅರ್ಧಾ ತುಂಬಿರಲಿಲ್ಲ, ಎತ್ತಿಕೊಂಡು ಹೋದಳು.

ಏನ ಮಾಡಬೇಕು ಹೇಳು.

ಅಕ್ಕ ಗೌರಾಬಾಯಿ

*

ವಿಜಾಪುರ
೨೦ ಜುಲೈ ೧೯೪೪

ಅಕ್ಕಾ,

ಮಾಳಗಿ ಒಡದು ಒಂದು ಬೆಳಕಿಂಡಿ ಮಾಡಸ್ರಿ, ಒಲಿ ಇರೋ ಕಡಿ. ಗಾಳಿ ಮಾಳಗಿ ಮ್ಯಾಲ ಹಾಯೂಮುಂದ ಒಳಗಿನ ಹೊಗಿ ಎಳಕೋತೈತಿ. ಮಳಿ ಬಂದಾಗ ಮ್ಯಾಲ ತಗಡ ಎತ್ತರಿಸಿ ಇಡ್ರಿ, ಪೂರಾ ಮುಚ್ಚಬ್ಯಾಡ್ರಿ. ಶಿವಶರಣಪ್ಪನವರಿಗೂ ಇದನ್ನ ಬ್ಯಾರೆ ಕಾಗದ ಬರದು ಕೈಮುಗದು ಕೇಳಿಕೊಂಡೇನಿ.

ಯಾಕಂದ್ರ ಇಲ್ಲಿ ಒಂದು ಆಗಬಾರದ್ದು ಆಗೈತಿ. ಯುದ್ಧ ಸುರು ಆಗಿ ಪೆಟ್ರೋಲ್ ಸಿಗದ್ದಕ್ಕ ಮೋಟಾರ ಇದ್ದಲಿ ಗ್ಯಾಸಿನ ಮ್ಯಾಲ ಓಡೂದು ನೀ ನೋಡೀದಿ. ಒಂದು ಮೋಟಾರಿನ ಕ್ಲೀನರ, ಮಳ್ಯಾಗ ತೊಯ್ದು ಬಂದು, ತಗಡಿನ ಶೆಡ್ಡಿನಾಗ ಬಾಗಲಾ ಹಾಕೊಂಡು ಇದ್ದಲಿ ಬೆಂಕಿ ಕಾಸಕೋತ ಮಲಗಿದ್ದ. ಹೊಗಿ ಇರಲಿಲ್ಲ, ವಾಸನಿ ಇರಲಿಲ್ಲ. ಎಬ್ಬಸಾಕ ಹೋದವರು ಗಲ್ಲ ಕೆಂಪಗ ಐತಿ, ಗಾಢ ನಿದ್ದಿ ಹತ್ತೈತಿ ಅಂದುಕೊಂಡ್ರಂತ. ಟಿಕೋಟಾ ಮೋಟಾರ ನಡಸೋ ರಸೂಲಸಾಬರು ಅವನ ಹೆಣಾ ಎತ್ತಿದವರಾಗ ಒಬ್ಬರು. ಅವರ ನನಗ ಹೇಳಿದ್ರು.

ಬೋರವ್ವ ಬಾಣಂತನಕ ಬರ್ತಾಳ. ಹೊರಸಿನ ಕೆಳಗ ಅಗ್ಗಿಷ್ಟಿಗಿ ಇಡೂದು ನಮ್ಮ ಕಡಿ ಎಲ್ಲಾರೂ ಮಾಡತಾರ. ಗಾಳಿ ಹರ್ಯೂ ಮನ್ಯಾಗ ಅದು ನಡದೈತಿ. ಈಗ ಆ ಮನಿ ಮೊದಲಿನ ಮನಿ ಅಲ್ಲ. ಹೊಗಿ ಕಂಡ್ರ ಮಂದಿ ಬಾಗಲಾ ತೆರೀತಾರ. ಹೊಗಿ ಬರದ ಬೆಂಕಿಗೆ ಅಂಜಬೇಕು.

ಸಿದ್ದರಾಯ

*

ಟಿಕೋಟಾ
ತಾ. ೩ ಆಗಸ್ಟ್ ೧೯೪೪

ರಾ. ರಾ. ಸಿದ್ದರಾಯರಿಗೆ,

ನಿಮ್ಮ ಕಾಗದ ಮುಟ್ಟಿತು. ನಮ್ಮ ಮಾಳಗಿ ನಾವು ಒಡಿಯುವವರಲ್ಲ. ನಮ್ಮ ತಮ್ಮ ಬಸಗೊಂಡಪ್ಪ ಒಡಿಸ್ಯಾನ, ಅವನ ಪಾಲಿಗೆ ಮಳಿನೂ ಬೀಳಲಿ. ನಮ್ಮ ಅವ್ವ, ನಮ್ಮ ಅಜ್ಜಿ ಇದೇ ಮನ್ಯಾಗ ಅಗ್ಗಿಷ್ಟಿಗಿ ಕಾಸಿಕೊಂಡು ಹಡದಾರ. ಅದರಿಂದಲೇ ನಾವು ಇದ್ದೇವೆ. ನಮ್ಮ ಮಗಳ ಬಾಣಂತನ ಹ್ಯಾಗೆ ಮಾಡಬೇಕೆಂಬುದನ್ನು ಮದುವಿ ಆಗದ ಹುಡುಗರು ನಮಗೆ ಕಲಿಸುವುದು ಬೇಡ.

ಇನ್ನು ಮುಂದೆ ನಮ್ಮ ಹೆಸರಿಗೆ ಬರೆಯಬಾರದು.

ಶಿವಶರಣಪ್ಪ

*

ಟಿಕೋಟಾ
೨೪ ಸಪ್ಟೆಂಬರ್ ೧೯೪೪

ಸಿದ್ದರಾಯಗ,

ಬೋರವ್ವ ಬಂದಾಳ. ಅಳಿಯ ರಾಮಲಿಂಗ ಚಕ್ಕಡ್ಯಾಗ ಕರಕೊಂಡು ಬಂದು ಬಿಟ್ಟು ಹೋದ. ಚಕ್ಕಡಿ ನಮ್ಮ ಹಿತ್ತಲ ಹಾದೀಲೆ ಹಾದು ಹೋಗೂಮುಂದ ಅಕಿ "ಚಿಗವ್ವಾ!" ಅಂದಳು. ನಾ ಹಿಟ್ಟಿನ ಕೈಲೇ ಓಡಿದೆ. ಊರ ಹೊರಗ ಎದುರಗೊಂಡು ಚಕ್ಕಡಿ ಏರಿದ್ದ ಭಾವನವರು ಎತ್ತಿಗೆ ಬಾರಕೋಲ ಎತ್ತಿದ್ರು, ಚಕ್ಕಡಿ ನಿಲ್ಲಲಿಲ್ಲ.

ಅಕಿಗೆ ಒಂದ ಸವನ ತಲಿ ಸಿಡೀತೈತಂತ. ಒಳಗಿದ್ರ ಹೆಚ್ಚು, ಅಂಗಳಕ್ಕ ಬಂದ್ರ ಕಡಿಮಿ. ಇದನ್ನ ಶಂಕ್ರೆವ್ವಕ್ಕ ಬಾವಿ ಹಂತ್ಯಾಕ ಹೇಳಿದಳು. ಇನ್ನೊಂದ ಹೇಳಿದಳು. ಬಾಣಂತಿಗೆ ಥಂಡಿ ಹೊಡೀಬಾರದಂತ ಭಾವನವರು ಪಡಸಾಲಿ ಒಳಗ ಮತ್ತೊಂದು ಅಡ್ಡಗ್ವಾಡಿ ಎಬ್ಬಿಸಿ ಕೋಲಿ ಮಾಡ್ಯಾರ. ಒಂದ ಬಾಜೂಕ ಆ ಹೊಸಾ ಗ್ವಾಡಿ, ಇನ್ನೊಂದ ಬಾಜೂಕ ನಮ್ಮಿಬ್ಬರ ನಡುವಿನ ಗ್ವಾಡಿ. ಕಿಡಕಿ ಇಲ್ಲ. ಸಣ್ಣದೊಂದು ಬಾಗಲಾ, ಅದಕ್ಕ ಗೋಣಿತಟ್ಟ.

ನೀ ಬರದದ್ದನ್ನ ನಾ ಶಂಕ್ರೆವ್ವಕ್ಕಗ ಹೇಳಿದೆ. "ನಾ ಅವರಿಗೆ ಹೇಳಿದೆನವಾ" ಅಂದಳು. "ಹೊಗಿ ಆಗತೈತಂತ ಅಂಜತೀಯಾ? ಹೊಗಿ ಬರದಂಗ ಮಾಡತೇನಿ ಅಂದ್ರು. ಬಬಲೇಶ್ವರದಿಂದ ಒಳ್ಳೆ ಇದ್ದಲಿ ಚೀಲ ತರಿಸ್ಯಾರ."

ಅಕಿ ಸಮಾಧಾನದಾಗ ಹೇಳಿದಳು. ನಾ ಕೊಡ ಕೈಬಿಟ್ಟೆ, ಬಾವ್ಯಾಗ ಬಿತ್ತು.

ಗೌರಾಬಾಯಿ

*

ಟಿಕೋಟಾ
೫ ನವಂಬರ್ ೧೯೪೪

ಸಿದ್ದರಾಯಗ,

ಬೋರವ್ವ ಹಡದಳು. ಹೆಣ್ಣಕೂಸು. ತಾಯಿ ಮಗಳು ಇಬ್ಬರೂ ಚಂದ ಅದಾರಂತ ಸೂಲಗಿತ್ತಿ ಮುದುಕವ್ವ ಬಂದು ಹೇಳಿ ಬೆಲ್ಲ ತಿಂದು ಹೋದಳು.

ನನಗ ನೋಡಾಕ ಬಿಟ್ಟಿಲ್ಲ. ಮಕ್ಕಳಿಲ್ಲದಾಕಿ ಕಣ್ಣ ಕೂಸಿನ ಮ್ಯಾಲ ಬೀಳಬಾರದು ಅಂದ್ರಂತ ಭಾವನವರು. ಅಂದದ್ದು ನನ್ನ ಕಿವಿಗೆ ಬೀಳೂಹಂಗ ಅಂದ್ರು. ಮನ್ಯಾಗ ಗಂಡಸರು ಇಲ್ಲದಾಗ ತಲಬಾಗಲಕ್ಕ ಕೀಲಿ ಹಾಕಿಸತಾರ. ಶಂಕ್ರೆವ್ವಕ್ಕ ನೀರಿಗೆ, ಬಟ್ಟಿಗೆ ಹೋಗೂಮುಂದ ಕೀಲಿ ಹಾಕಿ ಟೊಂಕಕ್ಕ ಸಿಗಿಸಿಕೊಂಡು ಹೋಗತಾಳ. ಅಕಿ ನನ್ನ ಮುಖಾ ನೋಡಂಗಿಲ್ಲ.

ಕೋಲ್ಯಾಗ ಜಾಗಾ ಸಾಲದ್ದಕ್ಕ ತೊಟ್ಟಲಾ ಹೊರಗ ಪಡಸಾಲ್ಯಾಗ ಕಟ್ಟ್ಯಾರ. ಬೋರವ್ವನ ಹೊರಸು ಮಾತ್ರ ನನ್ನ ಗ್ವಾಡಿಗೆ ಹತ್ತಿ ಐತಿ. ಗ್ವಾಡಿ ಮ್ಯಾಲ ಕೈ ಇಟ್ರ ಬೆಚ್ಚಗ ಹತ್ತತೈತಿ. ಮಧ್ಯಾಹ್ನ ನಾ ಈ ಕಡಿ ಬೆನ್ನ ಹಚ್ಚಿ ಕುಂತು ಬೆರಳಲೇ ಬಡೀತೇನಿ, ಅಕಿ ಆ ಕಡಿಂದ ಬಡೀತಾಳ. ಇಷ್ಟ ದಪ್ಪ ಗ್ವಾಡ್ಯಾಗ ಮಾತ ದಾಟಂಗಿಲ್ಲ, ಬಡದದ್ದು ದಾಟತೈತಿ. ಮೊದಲು ಚುರುಕ ಬಡೀತಿದ್ದಳು. ಈಗೀಗ ತಡಾ ಮಾಡಿ ಬಡೀತಾಳ.

ಸಾಧ್ಯ ಆದ್ರ ಬಾ. ನಿನ್ನ ಮಾತ ಯಾರೂ ಕೇಳಲಿಕ್ಕಿಲ್ಲ, ಆದ್ರೂ ಬಾ.

ಗೌರಾಬಾಯಿ

*

ವಿಜಾಪುರ
೧೯ ನವಂಬರ್ ೧೯೪೪

ಅಕ್ಕಾ,

ನಿನ್ನ ಕಾಗದ ಬಂದಾಗ ನಾ ಮಲೇರಿಯಾದಾಗ ಬಿದ್ದಿದ್ದೆ. ಇನ್ನೂ ಎದ್ದು ನಿಂತ್ರ ಕಣ್ಣ ಕತ್ತಲಿ ಬರತಾವ. ಎರಡು ಕಾಗದ ಬರದೆ, ನಿನ್ನ ಉತ್ತರ ಇಲ್ಲ.

ಇವತ್ತ ರಸೂಲಸಾಬರು ನೋಡಾಕ ಬಂದಿದ್ರು. "ಟಿಕೋಟಾದಾಗ ಎಲ್ಲಾ ಅರಾಮ?" ಅಂತ ಕೇಳಿದೆ. ಅವರು ಟೊಪಗಿ ತಗದು ಮೊಣಕಾಲ ಮ್ಯಾಲ ಇಟ್ಟುಕೊಂಡು, "ಮೊದಲ ನೀ ಅರಾಮ ಆಗಪಾ" ಅಂದ್ರು. ಮತ್ತ ಕೇಳಿದ್ರ ಔಷಧದ ಮಾತ ತಗದ್ರು.

ಏನಾಗೈತಿ ಬರಿ. ಏನಿದ್ರೂ ಬರಿ.

ಸಿದ್ದರಾಯ

*

ಟಿಕೋಟಾ
೩ ಡಿಸೆಂಬರ್ ೧೯೪೪

ತಮ್ಮಾ,

ಬರಿಯಾಕ ಕುಂತು ಕುಂತು ಎದ್ದೆ. ಇವತ್ತ ಬರೀತೇನಿ.

ಅವತ್ತ ಗಂಡಸರು ಜೋಳಕ್ಕ ಎಡಿ ಹೊಡ್ಯಾಕ ಹೋಗಿದ್ರು. ಶಂಕ್ರೆವ್ವಕ್ಕ ಬಾಣಂತಿ ಬಟ್ಟಿ ಒಗ್ಯಾಕ ಹಳ್ಳಕ್ಕ ಹೋಗಿದ್ದಳು. ನಾ ಉಂಡು ಗ್ವಾಡಿ ಹಂತ್ಯಾಕ ಬಂದು ಬಡದೆ. ಉತ್ತರ ಬರಲಿಲ್ಲ. ಮಲಗಿರಬೇಕು ಅಂದುಕೊಂಡೆ. ಅಷ್ಟರಾಗ ಓಣಿ ಕಡಿಂದ ಕೂಸ ಅಳೂದು ಕೇಳಿಸಿತು. ಅತ್ತ ಅತ್ತ ಅಳಾಕತ್ತಿತು. ಕೂಸ ಅಳೂದಕ್ಕ ನಾ ಅಂಜಲಿಲ್ಲ. ಯಾರೂ ಅದನ್ನ ಸುಮ್ಮನ ಮಾಡವಲ್ರು, ಅದಕ್ಕ ಅಂಜಿದೆ. ಬೋರವ್ವ ಹಂಗ ಅಳಾಕ ಬಿಡಾಕಿ ಅಲ್ಲ.

ಸುತ್ತು ಹಾಕಿ ತಲಬಾಗಲಕ್ಕ ಓಡಿದೆ. ಕೀಲಿ. ಕಿಡಕಿ ಸರಳ ಹಿಡದು ಒದರಿದೆ, "ಬೋರವ್ವಾ, ಏಳಬೇ!" ತೊಟ್ಟಲದಾಗ ಕೂಸಿನ ಕಾಲ ಆಡೂದು ಕಾಣತಿತ್ತು. ಕೋಲಿ ಬಾಗಲಾ ಮುಚ್ಚಿತ್ತು, ಗೋಣಿತಟ್ಟ ಅಲ್ಲಾಡಲಿಲ್ಲ. ಬಾಜೂ ಮನಿ ಪೀರಾಂಬಿಗೆ, "ಹಳ್ಳಕ್ಕ ಓಡು, ಕೀಲಿ ತಗೊಂಬಾ" ಅಂತ ಹೇಳಿ ಕಳಸಿದೆ. ಹಳ್ಳ ಎಷ್ಟ ದೂರ ನಿನಗ ಗೊತ್ತೈತಿ.

ನಾ ಹೊಳ್ಳಿ ನಮ್ಮ ಮನಿಗೆ ಬಂದು ಹಾರಿಕೋಲ ತಗೊಂಡೆ. ಕಾಳಿನ ಪೆಟಿಗಿ ಮ್ಯಾಲ ಹತ್ತಿ ತೊಲಿ ಕೆಳಗಿನ ಹಸಿ ಇಟ್ಟಂಗಿಗೆ ಹಾಕಿದೆ. ಮೆತ್ತಿದ ಮಣ್ಣ ಕಣ್ಣಾಗ ಬಿತ್ತು. ಎಷ್ಟ ಹಾಕಿದೆನೋ, ಒಂದು ಇಟ್ಟಂಗಿ ಆ ಕಡಿ ಉರುಳಿತು. ಅದರ ಹಿಂದ ಬಿಸಿ ಗಾಳಿ ನನ್ನ ಮುಖಕ್ಕ ಬಂತು, ಅದಕ್ಕ ಯಾವ ವಾಸನಿನೂ ಇಲ್ಲ. ತಲಿ ಗಿರ್ ಅಂತು. ಹಿಂದ ಸರದು ಉಸರ ಎಳಕೊಂಡು ಮತ್ತ ಹಾಕಿದೆ. ಮೈ ತೂರೂವಷ್ಟಾದಾಗ ಆ ಕಡಿ ಜಿಗದೆ.

ಅಕಿ ಕೌದಿ ಹೊತಗೊಂಡು ಗ್ವಾಡಿ ಕಡಿ ಮುಖಾ ಮಾಡಿ ಮಲಗಿದ್ದಳು. ಗಲ್ಲ ಕೆಂಪಗಿದ್ದವು. ಕೈ ಗ್ವಾಡಿಗೆ ಹತ್ತಿ ಇತ್ತು. ನಾ ಅಗ್ಗಿಷ್ಟಿಗಿ ಒದ್ದು ಕೋಲಿ ಬಾಗಲಾ ತೆರದೆ. ಈಗ ಮೂಡಗಾಳಿ ದಿನಾ. ನಮ್ಮ ಹಿತ್ತಲ ಬಾಗಲದಾಗ ಹೊಕ್ಕ ಗಾಳಿ ಆ ಕಿಂಡಿ ಹಾಯ್ದು, ಕೋಲಿ ದಾಟಿ, ಭಾವನವರ ಕಿಡಕ್ಯಾಗ ಹೊರಬಿತ್ತು. ನನ್ನ ಸೆರಗ ಹಾರಿತು. ಬೋರವ್ವನ ಮುಖದ ಮ್ಯಾಲಿನ ಕೂದಲ ಅಲ್ಲಾಡಿದವು. ಉಸರಾಡಾಕತ್ತಾಳ ಅಂತ ತಿಳದು ನಾ ಅಕಿನ್ನ ತೊಡಿ ಮ್ಯಾಲ ಎಳಕೊಂಡು, ಹೆಸರ ಹಿಡದು ಕರಕೋತ ಕುಂತೆ. ಶಂಕ್ರೆವ್ವಕ್ಕ ಬಂದು ಮೂಗಿಗೆ ಕೈ ಹಿಡದಾಗ ಗೊತ್ತಾತು. ಅದು ಬರೇ ಗಾಳಿ.

ಶಂಕ್ರೆವ್ವಕ್ಕ ಅಳಲಿಲ್ಲ. ಟೊಂಕದ ಕೀಲಿ ತಗದು ಬಾವ್ಯಾಗ ಒಗದು ಬಂದಳು. ಆಮ್ಯಾಲ ಕೂಸಿನ್ನ ಎತ್ತಿ ನನ್ನ ತೊಡಿ ಮ್ಯಾಲ ಹಾಕಿದಳು.

ಅಣ್ಣತಮ್ಮರು ಇಬ್ಬರೂ ಹೆಗಲ ಕೊಟ್ರು. ಊರಾಗ ಕೆಲವರು ನನ್ನ ದೃಷ್ಟಿ ತಾಗೇತಿ ಅಂದ್ರು, ಗ್ವಾಡಿ ಒಡದಾಕಿ ನಾನಲ್ಲ?

ದಿನಕರ್ಮ ಮುಗದ ಮ್ಯಾಲ ಒಂದು ಮುಂಜಾನೆ ಖಂಡಪ್ಪ ಮಣ್ಣ ಕಲಸಾಕತ್ತಿದ್ದು ಕಂಡೆ. ಕಿಂಡಿ ಮುಚ್ಚಾಕ ಭಾವನವರು ಕರಸಿದ್ರು. ಇವರು ಏಳಾಕ ಹೋದ್ರು, ಅಷ್ಟರಾಗ ಆ ಕಡಿ ಶಂಕ್ರೆವ್ವಕ್ಕ ಬೋರವ್ವನ ಹೊರಸ ಎಳದು, ಅದರ ಮ್ಯಾಲ ಹತ್ತಿ, ಕೂಸಿನ್ನ ಎದಿಗೆ ಅವಚಿಕೊಂಡು ಕಿಂಡ್ಯಾಗ ಕುಂತಳು. ಗಂಡನ ಮುಂದ ದನಿ ಎತ್ತಿ ಮಾತಾಡಿದಾಕೀನ ಅಲ್ಲ ಅಕಿ.

"ಮುಚ್ಚೂದಾದ್ರ ನಮ್ಮಿಬ್ಬರನ್ನೂ ಕೂಡಿಸಿ ಮುಚ್ಚರಿ" ಅಂದಳು.

ಖಂಡಪ್ಪ ಕೈಯಾಗಿನ ಇಟ್ಟಂಗಿ ಕೆಳಗಿಟ್ಟ. ಭಾವನವರು ಖಂಡಪ್ಪಗ "ಹೋಗು" ಅಂದು ಅವರೂ ಹೊರಗ ಹೋದ್ರು. ಅಂದಿನಿಂದ ಆ ಪಡಸಾಲ್ಯಾಗ ಅವರು ಮಲಗಂಗಿಲ್ಲ, ಅಂಗಳದಾಗ ಥಂಡ್ಯಾಗ ಮಲಗತಾರ. ಕಿಂಡಿ ಹಂಗ ಐತಿ. ಗ್ವಾಡಿನೂ ಐತಿ.

ಕಾಖಂಡಕಿಯವರು ಕೂಸಿಗೆ ಹಲ್ಲ ಬರೂತನಕ ಇಲ್ಲೇ ಇರಲಿ ಅಂದಾರ. ಪೀರಾಂಬಿ ಆಡಿನ ಹಾಲ ಕೊಡತಾಳ. ಮಧ್ಯಾಹ್ನ ಶಂಕ್ರೆವ್ವಕ್ಕ ಕೂಸಿನ್ನ ಕಿಂಡ್ಯಾಗಿಂದ ನನ್ನ ಕೈಗೆ ಇಳಸತಾಳ, ಭಾವನವರು ನೋಡಿದ್ರೂ ನೋಡದಂಗ ಹೋಗತಾರ. ಕೂಸ ಚಂದ ಕುಡದು ಮಲಗತೈತಿ. ಹಂಗ ಗಾಢ ನಿದ್ದಿ ಹತ್ತಿ ಗಲ್ಲ ಕೆಂಪಾದ್ವಂದ್ರ ಸಾಕು, ನನ್ನ ಕೈ ನನ್ನ ಮಾತ ಕೇಳಂಗಿಲ್ಲ. ಚಿವುಟಿ ಎಬ್ಬಸತೇನಿ. ಅದು ಚಿಟ್ಟನ ಚೀರತೈತಿ. ಎದಿಗೆ ಹಾಕೊಂಡು ಸುಮ್ಮನ ಮಾಡಾಕ ಹೋದ್ರ, ಗ್ವಾಡಿ ಆ ಕಡಿಂದ ಶಂಕ್ರೆವ್ವಕ್ಕ ಅಂತಾಳ:

"ಅಳಲಿ ಬಿಡ ಗೌರಾ. ಇನ್ನೊಂದೀಟ ಅಳಲಿ."

ನಿನ್ನ ಅಕ್ಕ
ಗೌರಾಬಾಯಿ